ಸೋಲುವವರಿಗೆ ಯಾಕೆ ಓಟು?

ಹಾಸ್ಟೆಲ್ ಗೆಳೆಯರೇ,

ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ರೂಮುಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಅವ ಒಳ್ಳೆಯ ಜನ, ಲಂಚ ಮುಟ್ಟುವವನಲ್ಲ, ಎಲ್ಲ ಸರಿ. ಆದ್ರೆ ಗೆಲ್ತಾನಾ? ಗೆಲ್ಲದವನಿಗೆ ಓಟು ಹಾಕಿ ಯಾಕೆ ಹಾಳು ಮಾಡುದು ಮಾರಾಯ?" ಹೇಳುವವರು ದಡ್ಡರಲ್ಲ. ಡಿಗ್ರಿ ಓದುವವರು, ಸಂವಿಧಾನದ ಪುಟ ತಿರುವಿದವರು. ಬಂಟ್ವಾಳದಲ್ಲೂ ಇದೇ ಮಾತು, ಬೆಳ್ತಂಗಡಿಯಲ್ಲೂ ಇದೇ, ಮೂಡುಬಿದಿರೆಯಲ್ಲೂ ಇದೇ. ಆ ಮಾತಿಗೆ ಉತ್ತರ ಕೊಡಲು ಇದನ್ನು ಬರೆಯುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಮಾಣಿಕ ಸರ್ಕಾರ ಬೇಕು ಎಂದು ದೊಡ್ಡ ಪಕ್ಷಗಳ ಎದುರು ನಿಲ್ಲುವ ಅಭ್ಯರ್ಥಿಗೆ ನಾವು ಓಟು ಕೊಡಬೇಕು. ಓಟಿನ ಜೊತೆಗೆ ದುಡಿಮೆಯನ್ನೂ ಕೊಡಬೇಕು. ಆದರೆ ಪುಕ್ಕಟೆ ಕೊಡಬಾರದು. ನಮ್ಮ ಷರತ್ತುಗಳನ್ನು ಒಪ್ಪಿಸಿಕೊಂಡು ಕೊಡಬೇಕು. ಅವರು ಸೋಲುವುದು ಖಚಿತ ಎಂದು ಗೊತ್ತಿದ್ದರೂ ಕೊಡಬೇಕು.

ಮೊದಲು ನಮ್ಮ ಜಿಲ್ಲೆಯ ಲೆಕ್ಕ ನೋಡೋಣ. ಮಂಗಳೂರು ಎಂದಿದ್ದು ಈಗ ದಕ್ಷಿಣ ಕನ್ನಡ ಎಂದು ಹೆಸರಾಗಿರುವ ಈ ಲೋಕಸಭಾ ಕ್ಷೇತ್ರ 1952ರಿಂದ 1989ರ ಚುನಾವಣೆಯವರೆಗೆ ಕಾಂಗ್ರೆಸ್ಸಿನದು. 1991ರಿಂದ ಈವರೆಗೆ ಬಿಜೆಪಿಯದು. ಮೂರನೆಯವರನ್ನು ನಾವು ಒಮ್ಮೆಯೂ ದೆಹಲಿಗೆ ಕಳಿಸಿಲ್ಲ. ಎಪ್ಪತ್ತು ವರ್ಷ ದಾಟಿತು, ಎರಡೇ ಗುರುತು. ನಮ್ಮ ಅಜ್ಜ ಒಂದಕ್ಕೆ ಒತ್ತಿದರು, ಅಪ್ಪ ಇನ್ನೊಂದಕ್ಕೆ ಒತ್ತಿದರು. ಕಾಲನಿಯ ರಸ್ತೆ ಮಾತ್ರ ಪ್ರತಿ ಮಳೆಗಾಲಕ್ಕೂ ತೋಡೇ ಆಗುತ್ತದೆ.

2024ರ ಚುನಾವಣೆಯಲ್ಲಿ ಇಲ್ಲಿ ಒಂಬತ್ತು ಮಂದಿ ನಿಂತರು. ಬಿಜೆಪಿಯ ಬ್ರಿಜೇಶ್ ಚೌಟ 7,64,132 ಓಟು ಪಡೆದು ಗೆದ್ದರು. ಕಾಂಗ್ರೆಸ್ಸಿನ ಪದ್ಮರಾಜ್ ಆರ್. 6,14,924 ಓಟು ಪಡೆದು ಸೋತರು. ಉಳಿದ ಏಳು ಮಂದಿಯಲ್ಲಿ ಬಿಎಸ್‌ಪಿಯ ಕಾಂತಪ್ಪ ಅಲಂಗಾರ್ ಇದ್ದರು. ಕರ್ನಾಟಕ ರಾಷ್ಟ್ರ ಸಮಿತಿಯ ರಂಜಿನಿ ಎಂ. ಇದ್ದರು. ಈ ಸಮಿತಿ 2019ರಲ್ಲಿ ರವಿ ಕೃಷ್ಣಾರೆಡ್ಡಿಯವರು ಕಟ್ಟಿದ ಪಕ್ಷ. ಸರ್ಕಾರಿ ಕಚೇರಿಗಳಿಗೆ ನುಗ್ಗಿ, ಲಂಚ ಕೇಳುವವರನ್ನು ಮೊಬೈಲಿನಲ್ಲಿ ಚಿತ್ರ ಹಿಡಿದು ಜನರ ಮುಂದೆ ಇಡುವುದೇ ಅದರ ಮುಖ್ಯ ಕೆಲಸ. ಈ ಏಳೂ ಮಂದಿಯ ಠೇವಣಿ ಹೋಯಿತು. ಹಾಗಾದರೆ ಮೂರನೆಯ ಸ್ಥಾನ ಯಾರಿಗೆ ಬಂತು? ಯಾರಿಗೂ ಅಲ್ಲ. ನೋಟಾಕ್ಕೆ! 23,576 ಜನ ಮತಗಟ್ಟೆಯವರೆಗೆ ನಡೆದುಹೋಗಿ, ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು "ಇವರಲ್ಲಿ ಯಾರೂ ಬೇಡ" ಎಂದು ಒತ್ತಿಬಂದರು.

ಇದಕ್ಕೆ ಕಾರಣ ನಿಮಗೆಲ್ಲ ಗೊತ್ತೇ ಉಂಟು. 2012ರ ಅಕ್ಟೋಬರಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟ ಹುಡುಗಿಯೊಬ್ಬಳನ್ನು ಕೊಂದರು. 2023ರ ಜೂನಿನಲ್ಲಿ, ಅಂದರೆ ಹತ್ತು ವರ್ಷ ದಾಟಿದ ಮೇಲೆ, ಇದ್ದ ಒಬ್ಬ ಆರೋಪಿಯನ್ನೂ ಸಿಬಿಐ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿತು. ಹಾಗಾದರೆ ಕೊಂದವರು ಯಾರು? ಉತ್ತರ ಬರಲಿಲ್ಲ. ಸಿಟ್ಟಾದ ಜನ ಊರೂರು ತಿರುಗಿ ನೋಟಾಕ್ಕೆ ಒತ್ತಿ ಎಂದರು. ಆ ಸಿಟ್ಟಿಗೆ ನಾನು ಕೈಮುಗಿಯುತ್ತೇನೆ.

ಆದರೆ ಗೆಳೆಯರೇ, ನೋಟಾ ಎಂಬುದು ಏನು? 2013ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಂದ ಒಂದು ಗುಂಡಿ. ಅದಕ್ಕೆ ಎಷ್ಟೇ ಓಟು ಬಿದ್ದರೂ, ಅಭ್ಯರ್ಥಿಗಳ ಪೈಕಿ ಹೆಚ್ಚು ಪಡೆದವನೇ ಲೋಕಸಭೆಗೆ ಹೋಗುತ್ತಾನೆ. ನೋಟಾ ಸಿಟ್ಟನ್ನು ತೋರಿಸುತ್ತದೆ, ಆದರೆ ಅದಕ್ಕೆ ಹೆಸರಿಲ್ಲ, ಬಾಯಿಲ್ಲ. ಮರುದಿನ ಅದರ ಮನೆಬಾಗಿಲಿಗೆ ಹೋಗಿ "ಎಂತ ಮಾಡಿದಿರಿ?" ಎಂದು ಕೇಳಲು ಆಗುವುದಿಲ್ಲ. ಗೆದ್ದವನಿಗೂ ಅದರ ಹೆದರಿಕೆ ಇಲ್ಲ, ಯಾಕೆಂದರೆ ಮುಂದಿನ ಸಲ ಅದು ತನ್ನ ಕುರ್ಚಿಗೆ ಬಂದು ಕೂರುವುದಿಲ್ಲ ಎಂದು ಅವನಿಗೆ ಗೊತ್ತು.

ಇನ್ನು ಬಹಿಷ್ಕಾರ. ಅದರ ಗತಿಯನ್ನೂ ನಾವು ನೋಡಿದ್ದೇವೆ. ಬೆಳ್ತಂಗಡಿಯ ಕುತ್ಲೂರಿನ ಮಲೆಕುಡಿಯ ಹುಡುಗನೊಬ್ಬ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ, ನಮ್ಮ ಹಾಗೇ ಹಾಸ್ಟೆಲಿನವ. 2012ರ ಮಾರ್ಚಿನಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲರ ನಂಟು ಎಂದು ಹಿಡಿದರು. ಪೊಲೀಸರು ಸಾಕ್ಷಿ ಎಂದು ಇಟ್ಟ ಕಾಗದಗಳಲ್ಲಿ ಒಂದು ಪತ್ರ ಇತ್ತು. ನಮ್ಮೂರಿಗೆ ಮೂಲ ಸೌಕರ್ಯ ಕೊಡುವವರೆಗೆ ಲೋಕಸಭಾ ಚುನಾವಣೆ ಬಹಿಷ್ಕರಿಸುತ್ತೇವೆ ಎಂಬುದು ಅದರ ಸಾರ. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಒಂಬತ್ತೂವರೆ ವರ್ಷ! ರಸ್ತೆ ಕೇಳಿದ ಪತ್ರ ಅಪರಾಧದ ಸಾಕ್ಷಿಯಾಗುವ ನಾಡಿನಲ್ಲಿ, ಓಟು ಹಾಕದೆ ಸುಮ್ಮನೆ ಕೂರುವುದು ಪ್ರತಿಭಟನೆ ಎಂದು ಯಾರಿಗೂ ತೋರುವುದಿಲ್ಲ. ಆಳುವವರಿಗೆ ಅದು ಅನುಕೂಲ.

ಆದ್ದರಿಂದ ಹೆಸರಿರುವ, ಮುಖವಿರುವ, ನಾಳೆ ಎದುರು ಸಿಕ್ಕಿ ಉತ್ತರ ಕೊಡುವ ಮನುಷ್ಯರಿಗೆ ಓಟು ಹಾಕಬೇಕು.

ಇಲ್ಲಿ ನಮ್ಮವರೇ ಕೆಲವರು ಮೂಗು ಮುರಿಯುತ್ತಾರೆ. "ಪ್ರಾಮಾಣಿಕ ಸರ್ಕಾರ, ಭ್ರಷ್ಟಾಚಾರ ನಿರ್ಮೂಲನ, ಇದೆಲ್ಲ ಪೇಟೆಯ ಮೇಲ್ಜಾತಿಯವರ ಹಾಡು. ಹೊಟ್ಟೆ ತುಂಬಿದವರ ಶೋಕಿ. ನಮಗೆ ಬೇಕಾದದ್ದು ಭೂಮಿ, ಮರ್ಯಾದೆ." ಈ ಮಾತಿನಲ್ಲಿ ಅರ್ಧ ಸತ್ಯ ಉಂಟು. ಲಂಚದ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿದು ಕೊನೆಗೆ ಮೀಸಲಾತಿಯೇ ದೊಡ್ಡ ಭ್ರಷ್ಟಾಚಾರ ಎಂದು ಮುಗಿಸುವ ಮಹನೀಯರನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಉಳಿದ ಅರ್ಧವನ್ನೂ ನೋಡಿ. ಸರ್ಕಾರದಲ್ಲಿ ಕಳ್ಳತನವಾದರೆ ಮೊದಲು ಖಾಲಿಯಾಗುವುದು ಯಾರ ಬಟ್ಟಲು?

ಉಳ್ಳವನ ಮಗನಿಗೆ ಸರ್ಕಾರಿ ಹಾಸ್ಟೆಲ್ ಬೇಡ. ಅವನಿಗೆ ವಿದ್ಯಾರ್ಥಿವೇತನ ತಡವಾದರೆ ಫೀಸು ನಿಲ್ಲುವುದಿಲ್ಲ. ತಾಲೂಕು ಕಚೇರಿಯಲ್ಲಿ ಲಂಚ ಕೇಳಿದರೆ ಬಿಸಾಡಿ ಬರುತ್ತಾನೆ. ಬೀಡಿ ಕಟ್ಟುವ ತಾಯಿಯ ಮಗಳಿಗೆ ಜಾತಿ ಪ್ರಮಾಣಪತ್ರಕ್ಕೆ ಕೇಳುವ ಇನ್ನೂರು ರೂಪಾಯಿ ಸಾವಿರ ಬೀಡಿಯ ಆಸುಪಾಸಿನ ದುಡಿಮೆ. ಅವಳ ಬೆರಳಿಗೆ ಗೊತ್ತು ಅದರ ಭಾರ. ಹಾಗಿರುವಾಗ ಲಂಚದ ವಿರುದ್ಧದ ಹೋರಾಟ ಅವಳದಲ್ಲದೆ ಮತ್ತೆ ಯಾರದು?

ದೊಡ್ಡ ಲೆಕ್ಕಕ್ಕೆ ಬನ್ನಿ. 2013ರಲ್ಲಿ ಕರ್ನಾಟಕದಲ್ಲಿ ಪರಿಶಿಷ್ಟರ ಉಪಯೋಜನೆಗೆ ಕಾಯಿದೆ ಬಂತು. ರಾಜ್ಯದ ಯೋಜನಾ ಹಣದಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನು ನಮಗಾಗಿಯೇ ಖರ್ಚು ಮಾಡಬೇಕು ಎಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಅದೇ ಕಾಯಿದೆಯೊಳಗೆ 7(ಡಿ) ಎಂಬ ಕಿಂಡಿ ಇಟ್ಟರು. ಎಲ್ಲರೂ ಓಡಾಡುವ ರಸ್ತೆ, ಸೇತುವೆಯ ಖರ್ಚಿನಲ್ಲಿ ಒಂದಿಷ್ಟನ್ನು ನಮ್ಮ ಖಾತೆಗೆ ಬರೆದುಕೊಳ್ಳಲು ಅದು ದಾರಿ. ಹತ್ತು ವರ್ಷ ಬಂದ ಸರ್ಕಾರಗಳೆಲ್ಲ ಆ ಕಿಂಡಿಯಲ್ಲಿ ಕೈಹಾಕಿದವು. 2023ರಲ್ಲಿ ಅದನ್ನು ಮುಚ್ಚಿದರು. ಮುಚ್ಚಿದ ವರ್ಷವೇ ಉಪಯೋಜನೆಯ 11,000 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಿದರು. ಗ್ಯಾರಂಟಿಯ ಹಣ ನಮ್ಮ ತಾಯಂದಿರಿಗೂ ಬರುತ್ತದೆ, ಸುಳ್ಳಲ್ಲ. ಆದರೆ ಊರಿಗೆಲ್ಲ ಹಾಕುವ ಊಟಕ್ಕೆ ನಮ್ಮ ಮಡಕೆಯ ಅಕ್ಕಿಯೇ ಯಾಕೆ?

2024ರ ಮೇ ತಿಂಗಳಲ್ಲಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ನೌಕರರೊಬ್ಬರು ಶಿವಮೊಗ್ಗದಲ್ಲಿ ಜೀವ ಕಳೆದುಕೊಂಡರು. ಅವರು ಬರೆದಿಟ್ಟ ಪತ್ರದಿಂದ ನಿಗಮದ ಹಗರಣ ಹೊರಬಿತ್ತು. ನಿಗಮದ 187 ಕೋಟಿ ರೂಪಾಯಿ ಅಕ್ರಮವಾಗಿ ಬೇರೆ ಖಾತೆಗೆ ಹೋಯಿತು ಎಂಬುದು ಆರೋಪ. ಖಾತೆಯ ಸಚಿವ ಬಿ. ನಾಗೇಂದ್ರ ಜೂನಿನಲ್ಲಿ ರಾಜೀನಾಮೆ ಕೊಟ್ಟರು. ಅದಕ್ಕೂ ಮುಂಚಿನ ಸರ್ಕಾರದ ಕಾಲದ ಭೋವಿ ಅಭಿವೃದ್ಧಿ ನಿಗಮದ ವ್ಯವಹಾರದ ಮೇಲೂ ತನಿಖೆ ನಡೆಯಿತು. ಒಂದು ಕಾಂಗ್ರೆಸ್ಸಿನ ಕಾಲ, ಇನ್ನೊಂದು ಬಿಜೆಪಿಯ ಕಾಲ. ಕೊಳವೆಬಾವಿಗೆ, ಸಾಲಕ್ಕೆ, ಮಕ್ಕಳ ಓದಿಗೆ ಎಂದು ಇಟ್ಟ ಹಣ. ಇನ್ನೂ ಹೇಳ್ತೀರಾ, ಭ್ರಷ್ಟಾಚಾರ ಹೊಟ್ಟೆ ತುಂಬಿದವರ ಮಾತು ಅಂತ?

ನಮ್ಮ ಜಿಲ್ಲೆಯದೇ ಒಂದು ಮಾತು, ಡಿಸಿ ಮನ್ನಾ ಭೂಮಿ. ಬ್ರಿಟಿಷರ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸ್ ಎಂದು ಕರೆಯುತ್ತಿದ್ದ ನಮ್ಮ ಜನರಿಗಾಗಿ ಮೀಸಲಿಟ್ಟ ಜಾಗ ಅದು. ಕಡತದಲ್ಲಿ ನಮ್ಮ ಹೆಸರು, ನೆಲದಲ್ಲಿ ಇನ್ನೊಬ್ಬರ ಅಡಿಕೆ, ರಬ್ಬರು. ಇದನ್ನು ಅಳತೆ ಮಾಡಿ ಭೂಹೀನರಿಗೆ ಹಂಚಿ ಎಂದು ನಮ್ಮವರು ದಶಕಗಳಿಂದ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಇಲ್ಲಿ ಬೇಕಾದದ್ದು ಹೊಸ ಕಾನೂನಲ್ಲ. ಇರುವ ಕಡತವನ್ನು ಪ್ರಾಮಾಣಿಕವಾಗಿ ತೆರೆಯುವ ಒಂದು ಕೈ ಸಾಕು. ಪ್ರಾಮಾಣಿಕ ಸರ್ಕಾರ ಎಂಬ ಮಾತಿಗೆ ನಮ್ಮ ಕಾಲನಿಯಲ್ಲಿ ಇರುವ ಅರ್ಥ ಇದು.

ಹಾಗೆಂದು ಕೈ ಶುದ್ಧವಾಗಿದ್ದರೆ ಸಾಕೆ? ಸಾಲದು. ಇದಕ್ಕೂ ನಮ್ಮ ನೆಲದಲ್ಲೇ ಪಾಠ ಉಂಟು.

ಬೆವಿಂಜೆ ವಿಷ್ಣು ಕಕ್ಕಿಲ್ಲಾಯರು ಕಾಸರಗೋಡಿನ ಕಡೆಯವರು. ಜಮೀನಿದ್ದ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಕಮ್ಯುನಿಸ್ಟರಾದವರು. 1972ರಲ್ಲಿ ಬಂಟ್ವಾಳದಿಂದ, 1978ರಲ್ಲಿ ವಿಟ್ಲದಿಂದ ಸಿಪಿಐ ಶಾಸಕರಾದರು. ಗೇಣಿ ಒಕ್ಕಲುಗಳ ಪರ ನಿಂತರು. 2012ರಲ್ಲಿ ತೀರಿಕೊಂಡರು. ಅವರ ಪ್ರಾಮಾಣಿಕತೆಯನ್ನು ವಿರೋಧಿಗಳೂ ಒಪ್ಪುತ್ತಿದ್ದರು. ಬಂಟ್ವಾಳದ ಜನ ಇಂಥವರನ್ನೂ ಗೆಲ್ಲಿಸಿದ್ದುಂಟು ಎಂಬುದನ್ನು ನೆನಪಿಡಿ. ಅವರು ಶಾಸಕರಾಗಿದ್ದ ಕಾಲದಲ್ಲೇ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ದಕ್ಷಿಣ ಕನ್ನಡದಲ್ಲಿ ಗೇಣಿದಾರರು ಭೂಮಿಯ ಒಡೆಯರಾದರು. ಗುತ್ತು ಬೀಡುಗಳ ಧಣಿಗಳ ಸೊಕ್ಕು ಮುರಿಯಿತು. ಅದು ದೊಡ್ಡ ಬದಲಾವಣೆ, ಅಲ್ಲಗಳೆಯಲಾಗದು.

ಆದರೆ ನಮ್ಮ ಜನ ಗೇಣಿದಾರರಾಗಿದ್ದರೇ? ಹೆಚ್ಚಿನವರು ಧಣಿಯ ಗದ್ದೆಯಲ್ಲೂ ಗೇಣಿದಾರನ ಗದ್ದೆಯಲ್ಲೂ ಕೂಲಿಗಳು. ಅರ್ಜಿ ಹಾಕಲು ಗೇಣಿಚೀಟಿ ಇರಲಿಲ್ಲ, ರಶೀದಿ ಇರಲಿಲ್ಲ, ಸಾಕ್ಷಿ ಹೇಳುವವರೂ ಇರಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ನೇಜಿ ನೆಟ್ಟವಳ ಹೆಸರು ಬರಲಿಲ್ಲ. ಯಾರೂ ಲಂಚ ತಿನ್ನದೆಯೂ ನಾವು ಹೊರಗುಳಿಯಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದಕ್ಕೇ ಷರತ್ತಿನ ಮಾತು ಹೇಳುತ್ತಿದ್ದೇನೆ. "ನಾನು ಕದಿಯುವುದಿಲ್ಲ" ಎನ್ನುವ ಅಭ್ಯರ್ಥಿಯನ್ನು ನಾವು ಕೇಳಬೇಕು: "ಸಂತೋಷ ಸ್ವಾಮಿ, ನಮ್ಮಿಂದ ಕದ್ದದ್ದನ್ನು ವಾಪಸು ಕೊಡಿಸುತ್ತೀರಾ?"

ಇನ್ನು ಕೆಲವರು ಹೇಳುತ್ತಾರೆ, ದೊಡ್ಡ ಪಕ್ಷದೊಳಗಿದ್ದೇ ಶುದ್ಧ ಮಾಡೋಣ ಅಂತ. ಲೋಕಾಯುಕ್ತದ ಕತೆ ಕೇಳಿ. 1984ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಕಾಯಿದೆ ಮಾಡಿತು. ನಮ್ಮ ಪಕ್ಕದ ಕಾರ್ಕಳ ತಾಲೂಕಿನ ನಿಟ್ಟೆ ಮೂಲದ ಎನ್. ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ 2011ರ ಜುಲೈಯಲ್ಲಿ ಗಣಿ ವರದಿ ಕೊಟ್ಟರು. ಬಿಜೆಪಿಯ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಬಳ್ಳಾರಿಗೆ ನಡೆದು, ಗಣಿ ಲೂಟಿಯ ವಿರುದ್ಧ ಮಾತಾಡಿ ಅಧಿಕಾರಕ್ಕೆ ಬಂದದ್ದು ಕಾಂಗ್ರೆಸ್. ಅದೇ ಕಾಂಗ್ರೆಸ್ ಸರ್ಕಾರ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂದು ಮಾಡಿ ಲೋಕಾಯುಕ್ತದ ಹಲ್ಲು ಕಿತ್ತಿತು. ಆಮೇಲೆ ಬಂದ ಸರ್ಕಾರಗಳು ಆ ಹಲ್ಲನ್ನು ಕಟ್ಟಿಸಿಕೊಡಲಿಲ್ಲ. 2022ರ ಆಗಸ್ಟಿನಲ್ಲಿ ಹೈಕೋರ್ಟೇ ಆ ದಳವನ್ನು ರದ್ದು ಮಾಡಬೇಕಾಯಿತು. ವಿರೋಧ ಪಕ್ಷದಲ್ಲಿರುವಾಗ ಎಲ್ಲರೂ ಲೋಕಾಯುಕ್ತದ ಭಕ್ತರು. ಕುರ್ಚಿ ಸಿಕ್ಕಿದ ಮೇಲೆ ಭಕ್ತಿ ಇಳಿಯುತ್ತದೆ.

ಇಳಿಯುವುದಕ್ಕೆ ಕಾರಣ ಹಣ. ಲೋಕಸಭೆಗೆ ನಿಲ್ಲುವವರು ಕಾನೂನು ಪ್ರಕಾರ 95 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು ಎಂದು 2022ರಲ್ಲಿ ಮಿತಿ ಹಾಕಿದರು. ಅದು ಅಭ್ಯರ್ಥಿಯ ಲೆಕ್ಕ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. 2018ರಿಂದ ಚುನಾವಣಾ ಬಾಂಡು ಎಂಬ ಗುಟ್ಟಿನ ದಾರಿಯಲ್ಲಿ ಕಂಪೆನಿಗಳ ಹಣ ಹರಿಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಹೆಸರುಗಳು ಹೊರಬಂದಾಗ ನೋಡಿದರೆ ಬಿಜೆಪಿಗೆ ಸಿಂಹಪಾಲು, ಕಾಂಗ್ರೆಸ್ಸಿನ ಕೈಯೂ ಖಾಲಿ ಇರಲಿಲ್ಲ. ಕೋಟಿ ಕೊಟ್ಟವನು ಕೋಟಿ ಕೇಳದೆ ಬಿಡುತ್ತಾನೆಯೇ?

ಮತದಾನದ ಹಿಂದಿನ ರಾತ್ರಿ ಕಾಲನಿಗೆ ಬರುವ ಕವರು ಇದೇ ಮರದ ಎಲೆ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಹಸಿದವರಿಗೆ ಕಾನೂನು ಬೋಧಿಸಲು ನನಗೆ ಮನಸ್ಸಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. ಐನೂರು ರೂಪಾಯಿಯನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೇಳು ಪೈಸೆ. ಅಷ್ಟಕ್ಕೆ ಒಂದು ಬೀಡಿಯೂ ಬರುವುದಿಲ್ಲ.

ಹಣ ಹಂಚದವನು ಚುನಾವಣೆಗೆ ನಿಲ್ಲುವುದು ಹೇಗೆ? ಜನರ ಹಣದಿಂದ. ಸಾಗರದ ಕಡೆ ಶಾಂತವೇರಿ ಗೋಪಾಲಗೌಡರು ಕಾಗೋಡು ರೈತ ಹೋರಾಟದ ಬೆನ್ನಿಗೇ 1952ರಲ್ಲಿ ಗೆದ್ದಾಗ ಜನರಿಂದ ಓಟಿನ ಜೊತೆಗೆ ನೋಟನ್ನೂ ಕೇಳಿದ್ದರು ಎಂದು ಈಗಲೂ ಹೇಳುತ್ತಾರೆ. ಕಾನ್ಶಿರಾಮರೂ ನಮ್ಮ ಬಡವರಿಂದಲೇ ಪುಡಿಕಾಸು ಸೇರಿಸಿ ಪಕ್ಷ ಕಟ್ಟಿದರು. ಲೋಕಸಭೆಗೆ ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ 12,500. ಸಾವಿರದಿನ್ನೂರೈವತ್ತು ಹುಡುಗ ಹುಡುಗಿಯರು ತಲಾ ಹತ್ತು ರೂಪಾಯಿ ಹಾಕಿದರೆ ನಮ್ಮವರೊಬ್ಬರ ಠೇವಣಿ ತುಂಬುತ್ತದೆ. ಹತ್ತು ರೂಪಾಯಿ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕು ಬರುತ್ತದೆ. ಐನೂರು ತೆಗೆದುಕೊಂಡವನು ಆ ಹಕ್ಕನ್ನು ಮಾರಿಕೊಂಡ ಹಾಗೆ.

ಈಗ ಗಟ್ಟಿ ಆಕ್ಷೇಪಕ್ಕೆ ಬರುತ್ತೇನೆ. "ಓಟು ಒಡೆದರೆ ಕೋಮುವಾದಿಗಳಿಗೆ ಲಾಭ ಅಲ್ವಾ?" ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ತಮಾಷೆ ಮಾಡುವ ಹಾಗಿಲ್ಲ. ಇಲ್ಲಿ ಬಿದ್ದ ಹೆಣಗಳಲ್ಲಿ ಬಡವರ ಮಕ್ಕಳೇ ಹೆಚ್ಚು. ಅದಕ್ಕೆ ಲೆಕ್ಕ ನೋಡಿಯೇ ಉತ್ತರ ಹೇಳಬೇಕು. 2024ರಲ್ಲಿ ಮೊದಲ ಇಬ್ಬರ ನಡುವಿನ ಅಂತರ 1,49,208. ಆ ಏಳು ಮಂದಿ ಪಡೆದ ಓಟುಗಳೆಲ್ಲವನ್ನೂ ಕಾಂಗ್ರೆಸ್ಸಿಗೆ ಸೇರಿಸಿದರೂ, ಮೇಲಿಂದ ನೋಟಾವನ್ನೂ ಕೂಡಿಸಿದರೂ ಅಂತರ ತುಂಬುವುದಿಲ್ಲ. ಸೋತದ್ದು ಏಳು ಮಂದಿಯಿಂದಲ್ಲ. 2023ರಲ್ಲಿ ಬಂಟ್ವಾಳ ವಿಧಾನಸಭೆಯಲ್ಲಿ ಅಂತರ ಎಂಟು ಸಾವಿರದ ಚಿಲ್ಲರೆ ಮಾತ್ರ. ಅಂಥ ಕಡೆ ಲೆಕ್ಕಾಚಾರ ಬೇರೆ. ಅಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಬೇಕು. ನಮ್ಮ ಷರತ್ತುಗಳನ್ನು ದೊಡ್ಡ ಪಕ್ಷದವನ ಬಾಯಿಂದಲೇ ಸಭೆಯಲ್ಲಿ ಹೇಳಿಸಬೇಕು. ಆದರೆ ಗೆಲುವು ಲಕ್ಷಗಟ್ಟಲೆ ಅಂತರದಲ್ಲಿ ನಿಶ್ಚಯವಾಗುವ ಕಡೆ "ಒಡೆಯಬೇಡಿ" ಎಂದು ನಮ್ಮನ್ನು ಹೆದರಿಸುವವರು ಕೋಮುವಾದವನ್ನು ತಡೆಯುತ್ತಿಲ್ಲ. ಅವರು ನಮ್ಮ ಓಟನ್ನು ಪ್ರತಿ ಸಲ ಪುಕ್ಕಟೆ ಎತ್ತಿಕೊಂಡು ಹೋಗುತ್ತಿದ್ದಾರೆ.

ಸೋತ ಓಟು ಹಾಳಾಗುತ್ತದೆಯೇ? ಬಾಬಾಸಾಹೇಬರು 1952ರಲ್ಲಿ ಮುಂಬಯಿಯಲ್ಲಿ ಲೋಕಸಭೆಗೆ ನಿಂತು ಸೋತರು. 1954ರಲ್ಲಿ ಭಂಡಾರಾದ ಉಪಚುನಾವಣೆಯಲ್ಲೂ ಸೋತರು. ಸಂವಿಧಾನ ಬರೆಯುವ ಸಮಿತಿಯ ಅಧ್ಯಕ್ಷರಾಗಿದ್ದವರು! ಅಂದು ಅವರಿಗೆ ಓಟು ಹಾಕಿದ ಮಿಲ್ಲಿನ ಕೂಲಿಗಳು ಓಟು ಹಾಳು ಮಾಡಿದರು ಎಂದು ಹೇಳುವ ಧೈರ್ಯ ಯಾರಿಗುಂಟು? ನಾಚಿಕೆಪಡಬೇಕಾದವರು ಗೆದ್ದವರ ಪಾಳೆಯಕ್ಕೆ ಓಟು ಹಾಕಿದವರು.

ಹಾಗಾದರೆ ಈಗಿನಿಂದಲೇ ಮಾಡುವ ಕೆಲಸ ಏನು? ಭಾಷಣ ಬೇಡ, ನಾಲ್ಕು ಕೆಲಸ ಹೇಳುತ್ತೇನೆ.

ಒಂದು. ಹದಿನೆಂಟು ತುಂಬಿದ ಎಲ್ಲರೂ ಮತದಾರರ ಪಟ್ಟಿಯಲ್ಲಿ ಹೆಸರು ಹಾಕಿಸಿ. 1989ರಲ್ಲಿ ಓಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. 2022ರಿಂದ ವರ್ಷಕ್ಕೆ ನಾಲ್ಕು ಸಲ ಅರ್ಹತೆಯ ದಿನ ಉಂಟು. ಊರಿನಲ್ಲಿ ಹೆಸರಿದ್ದವರು ಮತದಾನದ ದಿನ ಬಸ್ಸು ಹತ್ತಿ ಊರಿಗೆ ಹೋಗಿ. ರಜೆ ಎಂದು ಮಲಗಬೇಡಿ.

ಎರಡು. ಅಭ್ಯರ್ಥಿಗಳು ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳ ಪ್ರಮಾಣಪತ್ರ ಕೊಡಲೇಬೇಕು. ಅದನ್ನು ಯಾರೂ ಓದಬಹುದು. ಓದಿ ಕಾಲನಿಯ ಜಗಲಿಯಲ್ಲಿ, ಅಪ್ಪ ಅಮ್ಮನಿಗೆ ತಿಳಿಯುವ ತುಳುವಿನಲ್ಲಿ ಹೇಳಿ. "ಓಟು ಪಾಡ್ಲೆ" ಎಂದು ಕೈಮುಗಿಯುವವನ ಆಸ್ತಿ ಐದು ವರ್ಷದಲ್ಲಿ ಎಷ್ಟು ಬೆಳೆಯಿತು ಎಂದು ನಮ್ಮ ತಾಯಂದಿರಿಗೆ ತಿಳಿಯಲಿ.

ಮೂರು. ಪ್ರಾಮಾಣಿಕ ಎಂದು ನಿಲ್ಲುವವರನ್ನು, ಅವರು ಯಾವ ಜಾತಿಯವರೇ ಆಗಿರಲಿ, ಹಾಸ್ಟೆಲಿನ ಹೊರಗೆ ಒಂದು ಸಭೆಗೆ ಕರೆಯಿರಿ. ಡಿಸಿ ಮನ್ನಾ ಭೂಮಿಯ ಅಳತೆ ಮಾಡಿಸುತ್ತೀರಾ? ಉಪಯೋಜನೆಯ ಹಣ ತಿರುಗಿಸಿದಾಗ ಬಾಯಿ ಬಿಡುತ್ತೀರಾ? ಕೊರಗರ, ಮಲೆಕುಡಿಯರ ಹಾಡಿಗಳಿಗೆ ನಡೆದು ಬರುತ್ತೀರಾ? ಚುನಾವಣೆ ಖರ್ಚಿನ ಲೆಕ್ಕವನ್ನು ವಾರ ವಾರ ಗೋಡೆಗೆ ಅಂಟಿಸುತ್ತೀರಾ? ಮೀಸಲಾತಿಯ ಬಗ್ಗೆ ನಿಮ್ಮ ಮಾತು ಏನು? ಉತ್ತರವನ್ನು ಬರೆಸಿಕೊಂಡು ಸಹಿ ಹಾಕಿಸಿ. ಸಹಿ ಹಾಕಲು ಹಿಂಜರಿಯುವವರನ್ನು ಒಂದು ಲೋಟ ಚಹಾ ಕೊಟ್ಟು ಕಳಿಸಿ.

ನಾಲ್ಕು. ಸಹಿ ಹಾಕಿದವರ ಬೆನ್ನಿಗೆ ನಿಲ್ಲಿ. ದೊಡ್ಡ ಪಕ್ಷಕ್ಕೆ ಬೂತು ಬೂತಿಗೆ ಏಜೆಂಟರು ಇದ್ದಾರೆ, ಜೀಪು ಉಂಟು, ಊಟ ಉಂಟು. ಇವರ ಪರ ಕೂರುವವರು ಒಬ್ಬರೂ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ನೀವು ಕೂತುಕೊಳ್ಳಿ. ಎಣಿಕೆ ಮುಗಿದು ಅವರು ಸೋತ ಮೇಲೂ ಆ ಸಹಿಯ ಕಾಗದ ಕೈಯಲ್ಲಿ ಇರಲಿ. ಸೋತವರನ್ನೂ ಕರೆದುಕೊಂಡು ತಾಲೂಕು ಕಚೇರಿಗೆ ಹೋಗಿ. ಗೆದ್ದವರಿಗೆ ಅದೇ ಪ್ರಶ್ನೆಗಳ ಪಟ್ಟಿ ಕಳಿಸಿ. ಮುಂದಿನ ಚುನಾವಣೆಯ ಪ್ರಚಾರ ಅಲ್ಲಿಂದಲೇ ಶುರು.

ಇಷ್ಟಕ್ಕೆ ಮತದಾನದ ದಿನ ಬರುವವರೆಗೆ ಕಾಯಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯಿದೆ 2005ರಿಂದ ಉಂಟು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಿಮ್ಮ ಹಾಸ್ಟೆಲಿಗೆ ಕಳೆದ ವರ್ಷ ಎಷ್ಟು ಕುಚ್ಚಲಕ್ಕಿ ಬಂತು, ಎಷ್ಟು ಹಾಲು ಬಂತು, ಎಷ್ಟು ಹಾಸಿಗೆ ಬಂತು ಎಂದು ಒಂದು ಅರ್ಜಿ ಬರೆಯಿರಿ. ಒಬ್ಬರ ಹೆಸರಿನಲ್ಲಿ ಬರೆಯಲು ಹೆದರಿಕೆಯಾದರೆ ಹತ್ತು ಮಂದಿ ಹತ್ತು ಅರ್ಜಿ ಬರೆಯಿರಿ. ಮುಂದಿನ ಸಭೆಗೆ ಬರುವಾಗ ಬಂದ ಉತ್ತರದ ಪ್ರತಿಯನ್ನು ಜೊತೆಗೆ ತನ್ನಿ. ಅಭ್ಯರ್ಥಿಯ ಮುಂದೆ ಇಡುವ ಮೊದಲ ಕಾಗದ ಅದೇ ಆಗಲಿ.

ಜೈ ಭೀಮ್.